ದೊಡ್ಡಜ್ಜನ ತೋಳಿನ ಮೇಲಿರುವುದು ಬೆಕ್ಕೋ, ಹುಲಿಯೋ?

ಬೇಲೇಕೇರಿ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ತಗಡಿನ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿದೆ. ನನ್ನ ಅಜ್ಜನ ಅಣ್ಣ, ನಾವೆಲ್ಲ ದೊಡ್ಡಜ್ಜ ಎನ್ನುತ್ತಿದ್ದವರು, ಸೈನ್ಯದ ಅಂಗಿಯಲ್ಲಿ ನಿಂತಿದ್ದಾರೆ. ಹಿಂದೆ ಕಲ್ಕತ್ತೆಯ ಒಂದು ಸ್ಟುಡಿಯೋದ ಮುದ್ರೆ ಇದೆ. ತಲೆಯ ಮೇಲೆ ಟೋಪಿ ಇಲ್ಲ. ತೋಳಿನ ಮೇಲೆ ಒಂದು ಬಟ್ಟೆಯ ಪಟ್ಟಿ, ಅದರಲ್ಲಿ ಬೆಕ್ಕಿನಂಥ ಪ್ರಾಣಿ.

ಮನೆಯವರಿಗೆ ಗೊತ್ತಿರುವುದು ಇಷ್ಟು: ದೊಡ್ಡಜ್ಜ ಬರ್ಮಾ ಯುದ್ಧಕ್ಕೆ ಹೋಗಿದ್ದರು, 1946ರಲ್ಲಿ ಮರಳಿದರು, ಆಮೇಲೆ ಗದ್ದೆ ಮಾಡಿಕೊಂಡಿದ್ದರು. ಯುದ್ಧದ ವಿಷಯ ಕೇಳಿದರೆ ಒಂದೇ ಮಾತು: "ಬಾವಲಿ ಬಾಜಾರದಲ್ಲಿ ಮಳೆಗಾಲ ಕಳೆದೆ." ಬಾವಲಿ ಮಾರುವ ಬಾಜಾರವೂ ಇರುತ್ತದೆಯೇ ಎಂದು ಮಕ್ಕಳೆಲ್ಲ ನಗುತ್ತಿದ್ದೆವಂತೆ. ನನಗೆ ಸರಿಯಾಗಿ ನೆನಪಿಲ್ಲ, ಅವರು ಹೋದಾಗ ನಾನು ಬಹಳ ಚಿಕ್ಕವಳು. ಅಮ್ಮ ಮಾತ್ರ ಅದು ಬೆಕ್ಕು, "ಬೆಕ್ಕಿನ ಪಲ್ಟಣ" ಎಂದು ಖಚಿತವಾಗಿ ಹೇಳುತ್ತಾಳೆ. ಇದು ಯಾವ ರೆಜಿಮೆಂಟಿನ ಗುರುತು ಎಂದು ಯಾರಾದರೂ ಹೇಳಬಲ್ಲಿರಾ?

ಕಾಳಿ ನದಿ:
ಬ್ಲ್ಯಾಕ್ ಕ್ಯಾಟ್ ಕಮಾಂಡೋ ಇರಬಹುದೇ?

ಶಿರಸಿ ಅಡಿಕೆ:
1940ರ ದಶಕದಲ್ಲಿ ಬ್ಲ್ಯಾಕ್ ಕ್ಯಾಟ್ ಕಮಾಂಡೋ! ಮಾರಾಯರೇ, ಆ ಪಡೆ ಹುಟ್ಟಿದ್ದು 1984ರಲ್ಲಿ. ಅಲ್ಲದೆ ನಮ್ಮ ಕಡೆ ಕರಿಬೆಕ್ಕು ಅಡ್ಡ ಬಂದರೆ ಜನ ಕಾಲು ತೊಳೆದುಕೊಂಡು ಮತ್ತೆ ಹೊರಡುತ್ತಾರೆ. ಅದನ್ನು ತೋಳಿಗೆ ಕಟ್ಟಿಕೊಂಡು ಯುದ್ಧಕ್ಕೆ ಹೋಗುವವರು ಯಾರು?

ಕುಮಟೆಯ ಸಂಗ್ರಾಹಕ:
ಹೋಗಿದ್ದಾರೆ, ಅಡಿಕೆಯವರೇ. 17ನೇ ಭಾರತೀಯ ಪದಾತಿ ಡಿವಿಜನ್ನಿನ ಗುರುತೇ ಕರಿಬೆಕ್ಕು. ನಾನು ಮೂವತ್ತು ವರ್ಷದಿಂದ ಅಂಚೆಚೀಟಿಯ ಜೊತೆಗೆ ಇಂಥ ಬಟ್ಟೆಯ ಬ್ಯಾಡ್ಜುಗಳನ್ನೂ ಕೂಡಿಡುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಹೇಳುತ್ತೇನೆ.

ಆ ಡಿವಿಜನ್ನಿಗೆ ಮೊದಲು ಇದ್ದದ್ದು ಮಿಂಚಿನ ಗುರುತು. 1942ರಲ್ಲಿ ಬರ್ಮಾದಲ್ಲಿ ಅದು ತಿಂದ ಏಟು ಸಣ್ಣದಲ್ಲ. ಆ ವರ್ಷದ ಫೆಬ್ರವರಿ 23ರಂದು ಸಿಟಾಂಗ್ ನದಿಯ ಸೇತುವೆಯನ್ನು ನಮ್ಮವರೇ ಉಡಾಯಿಸಿದರು. ಜಪಾನೀಯರು ದಾಟದಿರಲಿ ಎಂಬ ಉದ್ದೇಶ. ಆದರೆ ಡಿವಿಜನ್ನಿನ ಹೆಚ್ಚಿನ ಭಾಗ ಇನ್ನೂ ಆಚೆ ದಡದಲ್ಲಿಯೇ ಇತ್ತು. ಈಜಿ ಬಂದವರು ಬಂದರು. ಅಲ್ಲಿಂದ ಅಸ್ಸಾಮಿನ ಗಡಿಯವರೆಗೆ ಹಿಮ್ಮೆಟ್ಟಿ ಬಂದ ಮೇಲೆ ಜನರಲ್ ಕೋವನ್ ಕೈಕೆಳಗೆ ಡಿವಿಜನ್ ಮತ್ತೆ ಕಟ್ಟಿಕೊಂಡಿತು, ಮಿಂಚು ಹೋಗಿ ಕರಿಬೆಕ್ಕು ಬಂತು. ಅದೇ ಡಿವಿಜನ್ 1945ರ ಮಾರ್ಚ್ ಮೊದಲ ವಾರದಲ್ಲಿ ಮೆಕ್ಟಿಲಾವನ್ನು ಹಿಡಿಯಿತು.

ಅಮ್ಮನವರ ಮಾತು ಸುಳ್ಳೆನ್ನುವ ಹಾಗಿಲ್ಲ. ಆದರೆ ತಂಗೀ, ಒಂದು ಕೆಲಸ ಮಾಡು. ಫೋಟೋವನ್ನು ಬಿಸಿಲಿನ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ತೋಳಿನ ಭಾಗವನ್ನಷ್ಟೇ ತೆಗೆ. ಪ್ರಾಣಿ ಕಪ್ಪಾಗಿದ್ದು ಹಿನ್ನೆಲೆ ತಿಳಿಯಾಗಿದೆಯೋ, ಪ್ರಾಣಿ ತಿಳಿಯಾಗಿದ್ದು ಹಿನ್ನೆಲೆ ಕಪ್ಪಾಗಿದೆಯೋ? ಅಷ್ಟು ಹೇಳು.

ಹಳೇ ಸಿಗ್ನಲ್ಲು:
ಪ್ರಶ್ನೆಯಲ್ಲಿಯೇ ಒಂದು ತಪ್ಪು ನುಸುಳಿದೆ, ಅದನ್ನು ಮೊದಲು ಸರಿಮಾಡುತ್ತೇನೆ. ನಾನು ಸಿಗ್ನಲ್ಸ್‌ನಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು, ಈಗ ಶಿರಸಿಯಲ್ಲಿದ್ದೇನೆ.

ತೋಳಿನ ಮೇಲಿನ ಚಿತ್ರ ರೆಜಿಮೆಂಟಿನದ್ದಲ್ಲ. ರೆಜಿಮೆಂಟಿನ ಗುರುತು ಟೋಪಿಯ ಮೇಲೆ, ಭುಜದ ಮೇಲಿನ ಅಕ್ಷರಗಳಲ್ಲಿ ಇರುತ್ತದೆ. ತೋಳಿನದ್ದು ಫಾರ್ಮೇಶನ್ ಚಿಹ್ನೆ, ಅಂದರೆ ಡಿವಿಜನ್ನಿನಂಥ ದೊಡ್ಡ ಪಡೆಯ ಗುರುತು. ಸಿಪಾಯಿ ಸೇರಿದ ದಿನದಿಂದ ಸಾಯುವವರೆಗೂ ಒಂದೇ ರೆಜಿಮೆಂಟಿನವನು. ಡಿವಿಜನ್ ಹಾಗಲ್ಲ. ಮೂರು ಬ್ರಿಗೇಡು, ಒಂದೊಂದು ಬ್ರಿಗೇಡಿನಲ್ಲಿ ಸಾಮಾನ್ಯವಾಗಿ ಮೂರು ಬಟಾಲಿಯನ್ನು, ಜೊತೆಗೆ ತೋಪಿನವರು, ಇಂಜಿನಿಯರುಗಳು, ನಮ್ಮಂಥ ತಂತಿಯವರು, ಆಸ್ಪತ್ರೆಯವರು. ಇವರೆಲ್ಲ ಒಂದೊಂದು ರೆಜಿಮೆಂಟಿನಿಂದ ಬಂದು ಒಂದು ಕಡೆ ಕೂಡುತ್ತಾರೆ, ಯುನಿಟ್ಟು ಬೇರೆಡೆಗೆ ಹೋದರೆ ಚಿಹ್ನೆ ಬಿಚ್ಚಿ ಬೇರೆಯದನ್ನು ಹೊಲಿಸಿಕೊಳ್ಳುತ್ತಾರೆ. ರೆಜಿಮೆಂಟು ಮನೆತನ, ಡಿವಿಜನ್ನು ಬಾಡಿಗೆ ಮನೆ ಎಂದು ನಮ್ಮ ಸುಬೇದಾರರು ಹೇಳುತ್ತಿದ್ದರು. ನಾನು ನಾಲ್ಕು ಬಾಡಿಗೆ ಮನೆ ಬದಲಿಸಿದ್ದೇನೆ. ಬ್ಲೇಡಿನಿಂದ ದಾರ ಕತ್ತರಿಸಿ ಚಿಹ್ನೆ ಕಿತ್ತರೆ ಅಂಗಿಯ ಆ ಜಾಗದಲ್ಲಿ ಮಾತ್ರ ಬಣ್ಣ ಮಾಸದೆ ಗಾಢವಾಗಿ ಉಳಿದಿರುತ್ತಿತ್ತು. ಹೊಸ ಚಿಹ್ನೆ ಅದಕ್ಕಿಂತ ಚಿಕ್ಕದಾದರೆ ಪರೇಡಿನಲ್ಲಿ ಬೈಗುಳ.

ಆದ್ದರಿಂದ ಮಗಳೇ, ಈ ಫೋಟೋ ದೊಡ್ಡಜ್ಜ ಯಾರ ಕಡೆಯವರು ಎಂದು ಹೇಳುವುದಿಲ್ಲ. ಫೋಟೋ ತೆಗೆದ ದಿನ ಎಲ್ಲಿದ್ದರು ಎಂದು ಮಾತ್ರ ಹೇಳುತ್ತದೆ.

ಬೇಲೇಕೇರಿ ಮೊಮ್ಮಗಳು:
ಬಹಳ ಉಪಕಾರವಾಯಿತು. ಈಗ ಸರಿಯಾಗಿ ನೋಡಿದೆ. ಪ್ರಾಣಿ ತಿಳಿ, ಹಿನ್ನೆಲೆ ಕಪ್ಪು. ಮುಂಗಾಲಿನ ಹತ್ತಿರ ಓರೆಯಾಗಿ ಒಂದು ಗೆರೆ ಹೋಗಿದೆ, ಫೋಟೋ ಮಡಿಚಿದ ಗುರುತು ಎಂದುಕೊಂಡಿದ್ದೆ, ಆದರೆ ಅದು ಪಟ್ಟಿಯ ಒಳಗೆ ಮಾತ್ರ ಇದೆ. ಮತ್ತೊಂದು ಕಡೆಯಿಂದಲೂ ಅಂಥದೇ ಗೆರೆ ಬಂದು ಮೇಲೆ ಕೂಡುತ್ತದೆ.

ಕುಮಟೆಯ ಸಂಗ್ರಾಹಕ:
ಹಾಗಾದರೆ ಬೆಕ್ಕಲ್ಲ! ಅದು ತ್ರಿಕೋನ. ನೀಲಿ ತ್ರಿಕೋನದೊಳಗಿಂದ ಹೆಜ್ಜೆಯಿಟ್ಟು ಹೊರಬರುತ್ತಿರುವ ಬಂಗಾಳದ ಹುಲಿ. 26ನೇ ಭಾರತೀಯ ಪದಾತಿ ಡಿವಿಜನ್. ಇದು ರೂಪುಗೊಂಡಿದ್ದೇ ಕಲ್ಕತ್ತೆಯಲ್ಲಿ, 1942ರಲ್ಲಿ, ಆದ್ದರಿಂದ ಸ್ಟುಡಿಯೋ ಮುದ್ರೆಯೂ ಹೊಂದುತ್ತದೆ. ತ್ರಿಕೋನ ಎಂದರೆ ಗ್ರೀಕರ ಡೆಲ್ಟಾ ಅಕ್ಷರ, ಗಂಗೆಯ ಮುಖಜಭೂಮಿ. ಅಲ್ಲಿಯ ಸುಂದರಬನದ ಹುಲಿ.

ಅಂಗಿಯ ಮೇಲೆ, ಲಾರಿಯ ಮೇಲೆ ಚಿತ್ರ ಹಾಕುವುದಕ್ಕೆ ಕಾರಣವಿದೆ. ಸಂಖ್ಯೆ ಬರೆದರೆ ನೋಡಿದ ಗೂಢಚಾರನಿಗೆ ಯಾವ ಡಿವಿಜನ್ ಎಲ್ಲಿದೆ ಎಂದು ತಿಳಿಯುತ್ತದೆ. ಚಿತ್ರ ಹಾಕಿದರೆ ಅಷ್ಟು ಸುಲಭವಲ್ಲ, ಓದು ಬಾರದ ಡ್ರೈವರನಿಗೂ ಧೂಳಿನ ನಡುವೆ ತನ್ನವರ ಗಾಡಿ ಸಿಗುತ್ತದೆ. 4ನೆಯದಕ್ಕೆ ಕೆಂಪು ಹದ್ದು, 5ನೆಯದಕ್ಕೆ ಕಪ್ಪಿನ ಮೇಲೆ ಕೆಂಪು ಬೆಂಕಿಚೆಂಡು, 7ನೆಯದಕ್ಕೆ ಹೊನ್ನಿನ ಬಾಣ, 19ನೆಯದಕ್ಕೆ ಕಠಾರಿ ಹಿಡಿದ ಕೈ. 23ನೆಯದಕ್ಕೆ ಕಾಳಗದ ಹುಂಜ. ನಮ್ಮ ಕರಾವಳಿಯವರು ನೋಡಿದರೆ ಕೋಳಿ ಅಂಕದ ಪಲ್ಟಣ ಎನ್ನಬೇಕು.

ಸದಾಶಿವಗಡದ ಮಾಸ್ತರು:
ತಡವಾಗಿ ನೋಡಿದೆ. ಬ್ಯಾಡ್ಜಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದಿದ್ದು ಬಾವಲಿ. ಅಮ್ಮಾ, ದೊಡ್ಡಜ್ಜ ತಮಾಷೆ ಮಾಡಿರಲಿಲ್ಲ. ಬಾವ್ಲಿ ಬಾಜಾರ್ ಎಂಬುದು ಬರ್ಮಾದ ಅರಾಕಾನ್ ಕರಾವಳಿಯ ಒಂದು ಊರು, ಮೌಂಗ್ಡಾವ್‌ನಿಂದ ಉತ್ತರಕ್ಕೆ. ನಿಮ್ಮ ಮನೆಯ ಮಕ್ಕಳು ಅರ್ಧ ಶತಮಾನ ನಕ್ಕ ಆ ಮಾತು ಒಂದು ವಿಳಾಸ.

ಅರಾಕಾನ್ ಎಂದರೆ ಹೇಗಿರುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಒಂದು ಕಡೆ ಸಮುದ್ರ, ಒಂದು ಕಡೆ ಕಾಡು ಬೆಟ್ಟ, ನಡುವೆ ಕಿರಿದಾದ ಗದ್ದೆಬಯಲು, ಅದನ್ನು ಅಲ್ಲಲ್ಲಿ ಸೀಳಿಕೊಂಡು ಹೋಗುವ ಉಪ್ಪುನೀರಿನ ಹೊಳೆಗಳು. ಭರತಕ್ಕೆ ತುಂಬುತ್ತವೆ, ಇಳಿತಕ್ಕೆ ಕೆಸರು. ಅವುಗಳನ್ನು ಅಲ್ಲಿ ಚೌಂಗ್ ಎನ್ನುತ್ತಾರೆ. ದಡದ ತುಂಬ ಕಾಂಡ್ಲಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಗಂಗಾವಳಿಯಿಂದ ಕಾಳಿಯವರೆಗಿನ ನಮ್ಮ ಅಳಿವೆಗಳನ್ನೇ ಎತ್ತಿ ಅಲ್ಲಿಟ್ಟ ಹಾಗೆ. ಮಳೆಯಂತೂ ಮೇ ತಿಂಗಳಲ್ಲಿ ಹಿಡಿದರೆ ಬಿಡುವುದಿಲ್ಲ. ಪಂಜಾಬಿನಿಂದ, ರಾಜಪುತಾನದಿಂದ ಬಂದ ಸಿಪಾಯಿಗೆ ಅದು ನರಕ. ಬೇಲೇಕೇರಿಯವನಿಗೆ ಮನೆಯ ಹಿತ್ತಲು, ಗುಂಡು ಹಾರುವುದೊಂದನ್ನು ಬಿಟ್ಟರೆ.

1943ರ ಆರಂಭದಲ್ಲಿ ಅಲ್ಲಿ 14ನೇ ಡಿವಿಜನ್ ಅಕ್ಯಾಬ್ ಬಂದರಿನ ಕಡೆಗೆ ನುಗ್ಗಲು ಹೋಗಿ ಸೋತು ಸುಣ್ಣವಾಯಿತು. ಏಪ್ರಿಲ್‌ನಲ್ಲಿ ಹುಲಿ ಡಿವಿಜನ್ ಜನರಲ್ ಲೊಮ್ಯಾಕ್ಸ್ ನೇತೃತ್ವದಲ್ಲಿ ಹೊಣೆ ವಹಿಸಿಕೊಂಡಿತು. ಹೊಣೆ ಎಂದರೆ ಗೆಲ್ಲುವುದಲ್ಲ, ಉಳಿದವರನ್ನು ಹಿಂದಕ್ಕೆ ಕರೆತರುವುದು. ಬುಥಿಡಾಂಗ್, ಮೌಂಗ್ಡಾವ್ ಎರಡನ್ನೂ ಬಿಟ್ಟು ಮಳೆಗಾಲದ ಹೊತ್ತಿಗೆ ಉತ್ತರಕ್ಕೆ ಸರಿದರು. "ಮಳೆಗಾಲ ಕಳೆದೆ" ಎಂದರಲ್ಲ, ಅದು 1943ರದ್ದಾದರೆ ಲೆಕ್ಕ ಕೂಡುತ್ತದೆ. ಆದರೆ ಬಾವ್ಲಿಯ ಮೂಲಕ ಬೇರೆ ಡಿವಿಜನ್ನುಗಳೂ ಹೋಗಿವೆ. ಊರೊಂದೇ ಸಾಕ್ಷಿಯಲ್ಲ. ಊರು, ತ್ರಿಕೋನ, ಕಲ್ಕತ್ತೆ ಮೂರೂ ಒಂದೇ ಕಡೆಗೆ ಬೆರಳು ಮಾಡುತ್ತಿರುವುದರಿಂದ ನಾನು ಒಪ್ಪುತ್ತೇನೆ.

ಕಾಳಿ ನದಿ:
ಮಾಸ್ತರರೇ, ಬುಥಿಡಾಂಗ್ ಹೆಸರು ಎಲ್ಲಿಯೋ ಕೇಳಿದ್ದೇನೆ. ಪರಮವೀರ ಚಕ್ರ ಪಡೆದ ನಮ್ಮ ರಾಮ ರಾಘೋಬ ರಾಣೆಯವರ ಕಥೆಯಲ್ಲಿ ಬರುತ್ತದೆಯಲ್ಲವೇ? ಕಾರವಾರದ ಕಡಲತೀರದಲ್ಲಿ, ಕರಾಚಿಗೆ ಬೆಂಕಿಯಿಟ್ಟ ಚಪಲ್ ಹಡಗಿನ ಪಕ್ಕದಲ್ಲಿ ಅವರ ಪ್ರತಿಮೆ ಇದೆ.

ಸದಾಶಿವಗಡದ ಮಾಸ್ತರು:
ರಾಣೆಯವರ ವಿಷಯ ಸರಿ. ಚಪಲ್ ವಿಷಯ ತಪ್ಪು. ಕರಾಚಿಯ ಮೇಲೆ ದಾಳಿ ನಡೆದದ್ದು 1971ರ ಡಿಸೆಂಬರಿನಲ್ಲಿ, ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಹುಟ್ಟುವ ಮೊದಲೇ ಯುದ್ಧ ಮಾಡಲು ಅದೇನು ಅಭಿಮನ್ಯುವೇ? ಅಭಿಮನ್ಯುವೂ ಹೊಟ್ಟೆಯಲ್ಲಿದ್ದಾಗ ಬರೀ ಕೇಳಿಸಿಕೊಂಡ. ಕಾರವಾರದಲ್ಲಿ ಪ್ರವಾಸಿಗರಿಗೆ ಹೀಗೆ ಹೇಳುವವರನ್ನು ನಾನೇ ಎರಡು ಬಾರಿ ತಡೆದಿದ್ದೇನೆ.

ಇನ್ನು ರಾಣೆ. 1918ರಲ್ಲಿ ಹುಟ್ಟಿದ ಚೆಂಡಿಯಾದ ಹುಡುಗ, ತಂದೆ ಪೊಲೀಸ್ ಪೇದೆ. 1940ರ ಜುಲೈನಲ್ಲಿ ಬಾಂಬೆ ಇಂಜಿನಿಯರ್ಸ್ ಸೇರಿದರು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತಲ್ಲ, ಆದ್ದರಿಂದ ಇಲ್ಲಿಯವರಿಗೆ ಪುಣೆಯ ಖಡಕಿಯಲ್ಲಿದ್ದ ಸ್ಯಾಪರ್ಸ್ (ಸೇತುವೆ, ರಸ್ತೆ ಕಟ್ಟುವ ಇಂಜಿನಿಯರ್ ಸಿಪಾಯಿಗಳು), ಬೆಳಗಾವಿಯಲ್ಲಿದ್ದ ಮರಾಠಾ ರೆಜಿಮೆಂಟು ಇವೇ ಹತ್ತಿರದ ಬಾಗಿಲು. ತರಬೇತಿಯ ಬಳಿಕ ಅವರು ಹೋದದ್ದು 28ನೇ ಫೀಲ್ಡ್ ಕಂಪನಿ ಎಂಬ ಸ್ಯಾಪರ್ ತುಕಡಿಗೆ. ಆ ಕಂಪನಿ ಇದ್ದದ್ದು 26ನೇ ಡಿವಿಜನ್ನಿನಲ್ಲಿ. ಅಂದರೆ ಈ ಫೋಟೋದಲ್ಲಿರುವ ಹುಲಿಯೇ.

ಅರಾಕಾನ್‌ನಿಂದ ಹಿಮ್ಮೆಟ್ಟುವಾಗ ರಾಣೆಯವರನ್ನು ಎರಡು ಸೆಕ್ಷನ್ ಜನರೊಂದಿಗೆ ಬುಥಿಡಾಂಗ್‌ನಲ್ಲಿ ಹಿಂದೆ ಬಿಟ್ಟರು. ಶತ್ರುವಿಗೆ ಉಪಯೋಗವಾಗುವಂಥದ್ದನ್ನೆಲ್ಲ ನಾಶಮಾಡಿ ಬನ್ನಿ, ನೌಕಾಪಡೆಯ ಹಡಗು ನಿಮ್ಮನ್ನು ಕರೆದೊಯ್ಯುತ್ತದೆ ಎಂದು ಹೇಳಿದ್ದರು. ಕೆಲಸ ಮುಗಿಯಿತು, ಹಡಗು ಬರಲಿಲ್ಲ. ಜಪಾನೀಯರು ಗಸ್ತು ತಿರುಗುತ್ತಿದ್ದ ನದಿಯನ್ನು ತಾವೇ ದಾಟಿ ಡಿವಿಜನ್ನನ್ನು ಕೂಡಿಕೊಂಡರು. ಎಲ್ಲಿ ಎಂದು ಬಲ್ಲಿರಾ? ಬಾವ್ಲಿ ಬಾಜಾರಿನಲ್ಲಿ.

ಬೇಲೇಕೇರಿ ಮೊಮ್ಮಗಳು:
ಓದಿ ಮೈ ಜುಮ್ಮೆಂದಿತು. ಒಂದು ವಿಷಯ ಹೇಳುವುದನ್ನು ಮರೆತಿದ್ದೆ. ದೊಡ್ಡಜ್ಜ ಪ್ರತಿ ಮಳೆಗಾಲದ ಮೊದಲು ನಮ್ಮ ಕೇರಿಯ ಹಳ್ಳಕ್ಕೆ ಸಂಕ ಕಟ್ಟುತ್ತಿದ್ದರು. ಅಡಿಕೆ ಮರ ಹೊರಲು ಜನ ಬೇಕು, ಆದರೆ ಹಗ್ಗದ ಗಂಟು ಹಾಕಲು ಯಾರನ್ನೂ ಬಿಡುತ್ತಿರಲಿಲ್ಲ. ಬೇರೆಯವರು ಹಾಕಿದ ಗಂಟು ಬಿಚ್ಚಿ ತಾವೇ ಮತ್ತೆ ಹಾಕುತ್ತಿದ್ದರು. ಇದಕ್ಕೆ ಏನಾದರೂ ಅರ್ಥವಿದೆಯೇ?

ಕಾಳಿ ನದಿ:
ಅರ್ಥ ಸ್ಪಷ್ಟ! ದೊಡ್ಡಜ್ಜ ರಾಣೆಯವರ ಕಂಪನಿಯವರು! ಇಬ್ಬರೂ ಒಟ್ಟಿಗೆ ನದಿ ದಾಟಿದವರು!

ಹಳೇ ಸಿಗ್ನಲ್ಲು:
ನಿಧಾನ ತಮ್ಮಾ. ಸಂಕ ಕಟ್ಟುವವರೆಲ್ಲ ಸ್ಯಾಪರ್ ಆಗಿದ್ದರೆ ಈ ಜಿಲ್ಲೆಯಲ್ಲಿ ಒಂದು ಕೋರ್ ಸೈನ್ಯ ಸಿಗುತ್ತದೆ. ಒಂದು ಡಿವಿಜನ್ನಿನಲ್ಲಿ ಫೀಲ್ಡ್ ಕಂಪನಿ ಒಂದೇ ಇರುವುದಿಲ್ಲ. ಆದರೆ ಗಂಟಿನ ಮಾತು ನನ್ನನ್ನೂ ಯೋಚನೆಗೆ ಹಚ್ಚಿತು. ಇಂಜಿನಿಯರಿನವರಿಗೆ ಗಂಟು ಎಂದರೆ ಮಂತ್ರವಿದ್ದ ಹಾಗೆ, ಒಂದು ಅಕ್ಷರ ತಪ್ಪಬಾರದು.

ಬರ್ಮಾದ ಪದಕ ಮನೆಯಲ್ಲಿದೆಯೇ? ಆರು ಮೂಲೆಯ ನಕ್ಷತ್ರ, ರಿಬ್ಬನ್ನು ಕಡುನೀಲಿ, ನಡುವೆ ಅಗಲದ ಕೆಂಪು, ಎರಡು ಕಡೆ ಕಿತ್ತಳೆ ಪಟ್ಟೆ. ಆ ಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ನಕ್ಷತ್ರದ ಹಿಂಭಾಗ ಖಾಲಿ. ನಮ್ಮ ಸೈನ್ಯದವರದ್ದರ ಮೇಲೆ ಹೆಸರು, ನಂಬರು ಒತ್ತಿರುತ್ತಾರೆ. ಹುಡುಕು.

ಶಿರಸಿ ಅಡಿಕೆ:
ಹಾಗಾದರೆ ಯುದ್ಧದಲ್ಲಿ ಹುಲಿ ಬರೀ ಹಿಮ್ಮೆಟ್ಟಿತೇ? ಗೆದ್ದದ್ದು ಇಲ್ಲವೇ?

ಕುಮಟೆಯ ಸಂಗ್ರಾಹಕ:
ಇದೆ. 1944ರ ಫೆಬ್ರವರಿಯಲ್ಲಿ ಅದೇ ಅರಾಕಾನ್‌ನಲ್ಲಿ 7ನೇ ಡಿವಿಜನ್ನಿನ ಸರಬರಾಜು ನೆಲೆಯನ್ನು ಜಪಾನೀಯರು ಸುತ್ತುಗಟ್ಟಿದಾಗ ಬಿಡಿಸಲು ಹೋದವರಲ್ಲಿ ಇವರೂ ಇದ್ದರು. 1945ರ ಜನವರಿ 21ರಂದು ಇದರ 71ನೇ ಬ್ರಿಗೇಡ್ ರಾಮ್ರಿ ದ್ವೀಪದಲ್ಲಿ ಇಳಿಯಿತು. ಅಲ್ಲಿಯ ಕಾಂಡ್ಲಾ ಕಾಡಿನಲ್ಲಿ ಸಾವಿರ ಜಪಾನೀಯರನ್ನು ಮೊಸಳೆಗಳು ತಿಂದವು ಎಂಬ ಕಥೆ ಓದಿರಬಹುದು. ನಂಬಬೇಡಿ. ದಾಂಡೇಲಿಯಲ್ಲಿ ಕಾಳಿಯ ಮೊಸಳೆ ನೋಡಿದವರಿಗೆ ಗೊತ್ತು, ಅವು ಔತಣಕ್ಕೆ ಪಂಕ್ತಿಯಲ್ಲಿ ಕೂರುವ ಪ್ರಾಣಿಯಲ್ಲ. ಹಸಿವು, ನೀರಡಿಕೆ, ಗುಂಡು ಇವೇ ಹೆಚ್ಚು ಜನರನ್ನು ಕೊಂದವು.

ಆದರೆ ಈ ಚರ್ಚೆಗೆ ಹೇಳಿ ಮಾಡಿಸಿದ್ದು ರಂಗೂನ್. 1945ರ ಏಪ್ರಿಲ್ ಕೊನೆಗೆ ಕರಿಬೆಕ್ಕು ಡಿವಿಜನ್ ಉತ್ತರದಿಂದ ರಸ್ತೆಯಲ್ಲಿ ರಂಗೂನಿಗೆ ಓಡುತ್ತಿತ್ತು. ಮೂರು ವರ್ಷದ ಹಿಂದೆ ಸೋತು ಬಿಟ್ಟು ಬಂದ ಊರು, ತಾವೇ ಮೊದಲು ಹೋಗಬೇಕೆಂಬ ಹಟ. ಪೆಗು ತಲುಪಿದರು, ಅಲ್ಲಿಂದ ರಂಗೂನಿಗೆ ಸುಮಾರು 80 ಕಿಲೋಮೀಟರ್. ಅಷ್ಟರಲ್ಲಿ ಮಳೆ ಲೆಕ್ಕಕ್ಕಿಂತ ಮೊದಲೇ ಹಿಡಿಯಿತು, ಹೊಳೆ ತುಂಬಿತು, ಬೆಕ್ಕು ದಡದಲ್ಲಿ ಕೂತಿತು. ಮೇ 2ರಂದು ಹುಲಿ ಡಿವಿಜನ್ ಸಮುದ್ರದ ಕಡೆಯಿಂದ ದೋಣಿಗಳಲ್ಲಿ ರಂಗೂನ್ ನದಿಯ ಎರಡೂ ದಡದಲ್ಲಿ ಇಳಿಯಿತು. ಊರಿನಲ್ಲಿ ಜಪಾನೀಯರೇ ಇರಲಿಲ್ಲ! ಅವರು ಆಗಲೇ ಜಾಗ ಖಾಲಿ ಮಾಡಿದ್ದರು. ಸೆರೆಮನೆಯಲ್ಲಿದ್ದ ಯುದ್ಧಕೈದಿಗಳು ಚಾವಣಿಯ ಮೇಲೆ ದೊಡ್ಡಕ್ಷರದಲ್ಲಿ ಜಪಾನೀಯರು ಹೋದರು ಎಂದು ಬರೆದಿಟ್ಟಿದ್ದರು. ಮೇ 6ರಂದು ಬೆಕ್ಕು ಮತ್ತು ಹುಲಿ ಹ್ಲೆಗು ಎಂಬಲ್ಲಿ ಭೇಟಿಯಾದವು. ಆ ದಿನದ ಬೆಕ್ಕಿನವರ ಮುಖ ನೋಡಬೇಕಿತ್ತು.

ಶಿರಸಿ ಅಡಿಕೆ:
ಮಳೆಗೆ ಸೋತ ಬೆಕ್ಕು. ಅಡ್ಡ ಬಂದ ಫಲ ಅದಕ್ಕೇ ತಗಲಿತು.

ಹಳೇ ಸಿಗ್ನಲ್ಲು:
ನಾನೂ ಹುಲಿ ತೊಟ್ಟವನು, 1980ರ ದಶಕದಲ್ಲಿ ಜಮ್ಮುವಿನಲ್ಲಿ. 26ನೇ ಡಿವಿಜನ್ನಿಗೆ ಇಂದಿಗೂ ಟೈಗರ್ ಡಿವಿಜನ್ ಎಂದೇ ಹೆಸರು. 1965ರಲ್ಲಿ ಸಿಯಾಲ್‌ಕೋಟ್ ಕಡೆ ಕಾದಿದೆ. 1971ರಲ್ಲಿ ಜನರಲ್ ಝೋರಾವರ್ ಚಂದ್ ಬಕ್ಷಿ ಕೈಕೆಳಗೆ ಅಖ್ನೂರಿನ ಕೆಳಗಿನ 'ಕೋಳಿಯ ಕತ್ತು' ಎಂಬ ಪಾಕಿಸ್ತಾನದ ಚಾಚನ್ನು ಎರಡೇ ದಿನದಲ್ಲಿ ಕತ್ತರಿಸಿತು. ಮೆಸ್ಸಿನ ಗೋಡೆಯ ಮೇಲೆ ಬರ್ಮಾದಿಂದ ಜಮ್ಮುವಿನವರೆಗೆ ಒಂದೇ ಸಾಲಿನಲ್ಲಿ ಬರೆದಿದ್ದರು. ಆದ್ದರಿಂದ ದೊಡ್ಡಜ್ಜ ನನಗೆ ಒಂದೇ ಮನೆಯ ಹಿರಿಯರು.

ಸದಾಶಿವಗಡದ ಮಾಸ್ತರು:
ಹವಾಲ್ದಾರರೇ, ನೊಂದುಕೊಳ್ಳಬೇಡಿ, ಆ ಸಾಲು ನಡುವೆ ಕಡಿದಿದೆ. ಯುದ್ಧ ಮುಗಿದ ಮೇಲೆ ಹುಲಿ ಡಿವಿಜನ್ ಸುಮಾತ್ರಾಕ್ಕೆ ಹೋಯಿತು, ಮರಳಿದ ಬಳಿಕ 1947ರಲ್ಲಿ ಅದನ್ನು ವಿಸರ್ಜಿಸಿದರು. ಜಮ್ಮುವಿನದ್ದು ಬೇರೆ ಬೇರಿನಿಂದ ಬಂದ ಗಿಡ. 1948ರ ಮೇ ತಿಂಗಳಲ್ಲಿ ಕಾಶ್ಮೀರದ ಸೈನ್ಯವನ್ನು ಎರಡು ಮಾಡಿದರು. ಶ್ರೀನಗರದ್ದು ನಮ್ಮ ಕೊಡಗಿನ ತಿಮ್ಮಯ್ಯನವರದ್ದು, ಅದು ಮುಂದೆ 19ನೇ ಡಿವಿಜನ್ ಆಯಿತು. ಜಮ್ಮುವಿನದ್ದು ಜನರಲ್ ಆತ್ಮಾ ಸಿಂಗರದ್ದು, ಅದು 26 ಆಯಿತು. ಹಳೆಯ ಸಂಖ್ಯೆ, ಹಳೆಯ ಹುಲಿ, ಹೊಸ ಮೈ.

ರಾಣೆಯವರು ಎರಡೂ ಯುದ್ಧದಲ್ಲಿ ಹುಲಿಯನ್ನೇ ತೊಟ್ಟಿದ್ದರು ಎಂದು ಇನ್ನು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಇಲ್ಲ. ಅವರು ನೌಶೇರಾದಿಂದ ರಜೌರಿಯ ದಾರಿ ತೆರೆದದ್ದು 1948ರ ಏಪ್ರಿಲ್ 8ರಿಂದ 11ರವರೆಗೆ, ಕಾಶ್ಮೀರದ ಸೈನ್ಯವನ್ನು ಎರಡು ಮಾಡುವ ಮೊದಲು. ಮೊದಲ ದಿನವೇ ಮಾರ್ಟರ್ ಗುಂಡಿಗೆ ಅವರ ಇಬ್ಬರು ಸತ್ತರು, ಅವರೂ ಸೇರಿ ಐವರು ಗಾಯಗೊಂಡರು. ಆದರೂ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಡ್ರೈವರನಿಗೆ ಸನ್ನೆ ಮಾಡುತ್ತ ನೆಲಬಾಂಬುಗಳನ್ನು ತೆಗೆದರು. ಕೊನೆಯ ದಿನ 17 ಗಂಟೆ ಕೆಲಸ. ಪರಮವೀರ ಚಕ್ರವನ್ನು ಬದುಕಿದ್ದು ಪಡೆದ ಮೊದಲಿಗರು ಅವರೇ.

ಹಳೇ ಸಿಗ್ನಲ್ಲು:
ಮಾಸ್ತರರೇ, ಪುಸ್ತಕದ ಲೆಕ್ಕ ನಿಮ್ಮದು ಸರಿಯಿರಬಹುದು. ಆದರೆ ಮನೆ ಸುಟ್ಟು ಹೋದ ಮೇಲೆ ಅದೇ ಅಡಿಪಾಯದ ಮೇಲೆ ಕಟ್ಟಿ ಅದೇ ಹೆಸರಿಟ್ಟರೆ ಊರಿನವರು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ತೊಟ್ಟು ಚಳಿಯಲ್ಲಿ ನಿಂತವನಿಗೆ ವಿಸರ್ಜನೆಯ ಆದೇಶ ತೋರಿಸಬೇಡಿ.

ಸದಾಶಿವಗಡದ ಮಾಸ್ತರು:
ಅಡಿಪಾಯವೂ ಬೇರೆ ಎಂದೇ ನಾನು ಹೇಳಿದ್ದು. ಇರಲಿ, ತೊಟ್ಟವರು ನೀವು. ಸೋತೆ.

ಬೇಲೇಕೇರಿ ಮೊಮ್ಮಗಳು:
ಹದಿನೈದು ದಿನ ಮೌನವಾಗಿದ್ದಕ್ಕೆ ಕ್ಷಮಿಸಿ. ಹಿಂದೆ ಒಮ್ಮೆ ನಾನೇ ಒಂದು ದಾಖಲೆ ಕಚೇರಿಗೆ ಪತ್ರ ಬರೆದಿದ್ದೆ. ನಂಬರಿಲ್ಲದೆ ಹುಡುಕಲಾಗದು ಎಂದು ಒಂದು ಸಾಲಿನ ಉತ್ತರ ಬಂದಿತ್ತು, ಅದೂ ಎಂಟು ತಿಂಗಳ ನಂತರ. ಈಗ ಚೌತಿಗೆ ಊರಿಗೆ ಹೋದಾಗ ಎಲ್ಲ ಕಡೆ ಹುಡುಕಿದೆ. ನಕ್ಷತ್ರ ಸಿಕ್ಕಿದ್ದು ದೇವರ ಗೂಡಿನಲ್ಲಿ, ಶಂಖದ ಕೆಳಗೆ. ಇಷ್ಟು ವರ್ಷ ಅದಕ್ಕೂ ಕುಂಕುಮ ಹಚ್ಚಿ ಪೂಜೆ ನಡೆದಿದೆ. ಹುಣಸೆಹಣ್ಣಿನಲ್ಲಿ ತಿಕ್ಕಲು ಅಮ್ಮ ಬಿಡಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಲಾಂದ್ರದ ಹತ್ತಿರ ಹಿಡಿದು ಓದಿದೆ. ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ ಒಂದು ನಂಬರು, ಅದರ ಮುಂದೆ ಎಸ್‌ಪಿಆರ್ ಎಂದು, ಆಮೇಲೆ ದೊಡ್ಡಜ್ಜನ ಹೆಸರು, ಕೊನೆಗೆ ಐ.ಇ.

ಹಳೇ ಸಿಗ್ನಲ್ಲು:
ಎಸ್‌ಪಿಆರ್ ಎಂದರೆ ಸ್ಯಾಪರ್. ಐ.ಇ. ಎಂದರೆ ಇಂಡಿಯನ್ ಇಂಜಿನಿಯರ್ಸ್. ಗಂಟು ಬಿಚ್ಚಿತು ಮಗಳೇ. ನಂಬರನ್ನು ಇಲ್ಲಿ ಹಾಕಬೇಡ, ನನಗೆ ಪ್ರತ್ಯೇಕವಾಗಿ ಕಳಿಸು, ಅರ್ಜಿಯ ಒಕ್ಕಣೆ ನಾನು ಬರೆದುಕೊಡುತ್ತೇನೆ. ಯಾವ ಕಂಪನಿ ಎಂಬುದು ಅಲ್ಲಿಂದ ತಿಳಿಯಬೇಕು. ಅಲ್ಲಿಯವರೆಗೆ ಕಾಳಿ ನದಿಯವರು ದೊಡ್ಡಜ್ಜನನ್ನು ರಾಣೆಯವರ ದೋಣಿಗೆ ಹತ್ತಿಸಬಾರದು.

ಕಾಳಿ ನದಿ:
ಹತ್ತಿಸುವುದಿಲ್ಲ. ದಡದಲ್ಲಿ ನಿಲ್ಲಿಸಿದ್ದೇನೆ.

ಬೇಲೇಕೇರಿ ಮೊಮ್ಮಗಳು:
ನಂಬರು ಕಳಿಸಿದ್ದೇನೆ ಸರ್. ಇಲ್ಲಿ ಓದಿದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ಬಾವಲಿ ಬಾಜಾರ ನಿಜವಾದ ಊರು ಎಂದಾಗ ಸುಮ್ಮನಾದಳು, ನಕ್ಕಿದ್ದಕ್ಕೆ ಬೇಜಾರು ಮಾಡಿಕೊಂಡಳು. ಸ್ಯಾಪರ್ ಎಂಬುದನ್ನೂ ಒಪ್ಪಿದಳು. ತೋಳಿನ ಮೇಲಿರುವುದು ಮಾತ್ರ ಇನ್ನೂ ಬೆಕ್ಕೇ ಅಂತೆ.